ಬೆಕ್ಕಿನ ಕ್ಯಾರಿಯರ್: ನಾಲ್ಕು ವರ್ಷ ಬಳಸಿದ ಮೇಲೆ ಕೊಂಡಿ, ಕೀಲು, ಜಿಪ್ಪುಗಳ ಲೆಕ್ಕ

ಬಳಸಿದ್ದು: ಕ್ಲಿಪ್ಪಿನ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ (48 ಸೆಂ.ಮೀ.), ನಟ್-ಬೋಲ್ಟಿನ ಗಟ್ಟಿ ಪೆಟ್ಟಿಗೆ (55 ಸೆಂ.ಮೀ.), ಜಾಲರಿಯ ಬಟ್ಟೆ ಚೀಲ, ಗುಮ್ಮಟದ ಕಿಟಕಿಯ ಬೆನ್ನುಚೀಲ
ಅವಧಿ: ನಾಲ್ಕು ವರ್ಷ
ಬೆಕ್ಕುಗಳು: ಎರಡು ನಾಟಿ ಬೆಕ್ಕು. ಹೆಣ್ಣು 3.4 ಕೆ.ಜಿ., ಗಂಡು 5.1 ಕೆ.ಜಿ.

ಒಂದೇ ಒಂದು ಕೊಳ್ಳುವುದಾದರೆ ನಟ್-ಬೋಲ್ಟಿನ ಗಟ್ಟಿ ಪೆಟ್ಟಿಗೆ ಕೊಳ್ಳಿ. ಮೇಲರ್ಧ ಪೂರ್ತಿ ಕಳಚಿ ಬರಬೇಕು, ಬಾಗಿಲು ಕಬ್ಬಿಣದ ಸರಳಿನದಾಗಿರಬೇಕು, ಮೇಲುಗಡೆ ಇನ್ನೊಂದು ಬಾಗಿಲಿದ್ದರೆ ಇನ್ನೂ ಒಳ್ಳೆಯದು. ಬಣ್ಣ, ಕುಶನ್, ಚಕ್ರ ಇವೆಲ್ಲ ಆಮೇಲಿನ ಮಾತು. ಅಂಗಡಿಯವರು ತೋರಿಸುವುದು ಪ್ಲಾಸ್ಟಿಕ್ಕಿನ ದಪ್ಪ. ಅದನ್ನು ಬೆರಳಿನಿಂದ ಕುಟ್ಟಿ ಸದ್ದು ಬೇರೆ ಮಾಡಿಸುತ್ತಾರೆ. ಗೋಡೆ ಒಡೆದು ಹೊರಬಂದ ಬೆಕ್ಕನ್ನು ಯಾರೂ ನೋಡಿಲ್ಲ. ಬೆಕ್ಕು ತಪ್ಪಿಸಿಕೊಳ್ಳುವುದು ಜೋಡಣೆಗಳಲ್ಲಿ, ಅಂದರೆ ಎರಡು ಅರ್ಧ ಕೂಡುವ ಅಂಚು, ಬಾಗಿಲಿನ ಕೀಲು, ಜಿಪ್ಪಿನ ಮೂಲೆ. ಹಾಗಾಗಿ ಈ ವಿಮರ್ಶೆ ಶುರುವಾಗುವುದೇ ಅವುಗಳಿಂದ.

ಬಾಗಿಲು ಹೇಗೆ ಕೂತಿದೆ ನೋಡಿ

ಗಟ್ಟಿ ಪೆಟ್ಟಿಗೆಯ ಸರಳಿನ ಬಾಗಿಲಿಗೆ ಮನೆಬಾಗಿಲಿನ ಹಾಗೆ ಬಿಜಾಗರಿ ಇರುವುದಿಲ್ಲ. ಕೀಲಿನ ಬದಿಯ ಸರಳಿನ ಎರಡು ತುದಿಗಳಲ್ಲಿ ಒಂದು ಮೇಲರ್ಧದ ತೂತಿನಲ್ಲಿ, ಇನ್ನೊಂದು ಕೆಳಗಿನರ್ಧದ ತೂತಿನಲ್ಲಿ ಕೂತಿರುತ್ತದೆ. ಚಿಲಕದ ಬದಿಯಲ್ಲಿ ಸ್ಪ್ರಿಂಗ್ ಇರುವ ಎರಡು ಕಡ್ಡಿಗಳು ಹಾಗೆಯೇ ಮೇಲೊಂದು ಕೆಳಗೊಂದು ಹೋಗಿ ಸೇರುತ್ತವೆ. ಅಂದರೆ ಬಾಗಿಲು ನಿಂತಿರುವುದೇ ಎರಡು ಅರ್ಧಗಳು ಬಿಗಿಯಾಗಿ ಕೂಡಿಕೊಂಡಿವೆ ಎಂಬ ನಂಬಿಕೆಯ ಮೇಲೆ. ಮುಂದಿನ ಒಂದು ಕ್ಲಿಪ್ ಸಡಿಲವಾಗಿ ನಡುವೆ ಮೂರ್ನಾಲ್ಕು ಮಿಲಿಮೀಟರ್ ಸಂದು ಬಿದ್ದರೆ ಸಾಕು, ಕಡ್ಡಿಯ ತುದಿ ತೂತಿನಿಂದ ಜಾರುತ್ತದೆ. ಬೆಕ್ಕು ತಲೆಯಿಂದ ಒತ್ತುವುದೂ ಸರಿಯಾಗಿ ಅಲ್ಲಿಯೇ, ಚಿಲಕದ ಬದಿಯ ಕೆಳಮೂಲೆಯಲ್ಲಿ.

ಕೊಳ್ಳುವಾಗ ಹೀಗೆ ಪರೀಕ್ಷಿಸಿ. ಪೆಟ್ಟಿಗೆಯೊಳಗೆ ಐದು ಕೆ.ಜಿ. ಅಕ್ಕಿ ಚೀಲ ಇಡಿ, ಬಾಗಿಲು ಹಾಕಿ, ಹಿಡಿಕೆ ಹಿಡಿದು ಎತ್ತಿ ನಾಲ್ಕಾರು ಸಲ ಜೋರಾಗಿ ತೂಗಿ. ಆಮೇಲೆ ಎತ್ತಿಕೊಂಡಿರುವಾಗಲೇ ಎರಡು ಅರ್ಧಗಳ ಸಂದು ನೋಡಿ. ಒಂದು ರೂಪಾಯಿ ನಾಣ್ಯ ತೂರುವಷ್ಟು ಬಾಯಿ ಬಿಟ್ಟಿದ್ದರೆ ಆ ಪೆಟ್ಟಿಗೆ ಬೇಡ. ಕೊನೆಗೆ ಮೇಲಿನ ಬಾಗಿಲಿನಿಂದ ಕೈಹಾಕಿ ಮುಂಬಾಗಿಲಿನ ನಾಲ್ಕೂ ಮೂಲೆಗಳನ್ನು ಒಳಗಿನಿಂದ ಮುಷ್ಟಿಯಲ್ಲಿ ದೂಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಹಿಂತಿರುಗಿಸುವ ಗಡುವು ಮುಗಿಯುವುದರೊಳಗೆ ಮನೆಯಲ್ಲೇ ಇದನ್ನು ಮಾಡಿ.

ಬಾಗಿಲು ಪೂರ್ತಿ ಪ್ಲಾಸ್ಟಿಕ್ಕಿನದಾದರೆ ಇನ್ನೊಂದು ತಾಪತ್ರಯ. ಸರಳುಗಳು ಬಾಗುತ್ತವೆ, ಬೆಕ್ಕು ಕಚ್ಚಿ ಎಳೆದರೆ ಕೀಲಿನ ಮೊಳೆಯೇ ಮುರಿಯುತ್ತದೆ. ಮರಿಗೆ ನಡೆದೀತು, ಐದು ಕೆ.ಜಿ.ಯ ಗಂಡಿಗೆ ಸಾಲದು.

ಹಿಡಿಕೆ, ಕ್ಲಿಪ್, ಬೋಲ್ಟ್

ಹಿಡಿಕೆ ಇರುವುದು ಮೇಲರ್ಧಕ್ಕೆ, ಬೆಕ್ಕು ಕೂತಿರುವುದು ಕೆಳಗಿನರ್ಧದಲ್ಲಿ. ಎತ್ತಿದಾಗ ಪೂರ್ತಿ ತೂಕ ಬೀಳುವುದು ಅಂಚಿನ ಕ್ಲಿಪ್ಪುಗಳ ಮೇಲೆ. ಹೆದರಿದ ಬೆಕ್ಕು ಹಿಂದಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಪೆಟ್ಟಿಗೆ ವಾಲುತ್ತದೆ, ಆಗ ಹಿಂದಿನ ಎರಡು ಕ್ಲಿಪ್ಪುಗಳೇ ಎಲ್ಲವನ್ನೂ ಹೊರಬೇಕು. ಮುರಿಯುವುದೂ ಅವೇ. ಕ್ಲಿಪ್ಪಿನ ಪೆಟ್ಟಿಗೆಯನ್ನು ಎರಡು ವರ್ಷದ ಮೇಲೆ ಬರೀ ಹಿಡಿಕೆಯಲ್ಲಿ ಎತ್ತಲೇಬಾರದು, ಇನ್ನೊಂದು ಕೈ ತಳದಡಿ ಇರಬೇಕು. ಮೆಟ್ಟಿಲಿಳಿಯುವಾಗ ಎದೆಗಪ್ಪಿ ಹಿಡಿದರೆ ಬೆಕ್ಕಿಗೂ ಓಲಾಟ ಕಡಿಮೆ.

ಕ್ಲಿಪ್ಪುಗಳು ಹಾಳಾಗುವುದು ಬಳಕೆಯಿಂದಲ್ಲ, ಬಿಸಿಲಿನಿಂದ. ಈ ಪೆಟ್ಟಿಗೆಗಳು ಹೆಚ್ಚಾಗಿ ಪಾಲಿಪ್ರೊಪಿಲೀನಿನವು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ಬಿಳಿಚಿಕೊಂಡು ಪೆಡಸಾಗುತ್ತದೆ, ಬಾಗುವ ಬದಲು ಚಟ್ಟನೆ ಮುರಿಯುತ್ತದೆ. ಬಳಸದಿದ್ದಾಗ ಬಾಲ್ಕನಿಗೋ ತಾರಸಿಗೋ ತಳ್ಳುವುದು ನಮ್ಮ ಕಡೆ ಎಲ್ಲ ಮನೆಯ ಅಭ್ಯಾಸ. ಎರಡು ಬೇಸಿಗೆ ಅಲ್ಲಿ ಕಳೆದ ಪೆಟ್ಟಿಗೆಯ ಕ್ಲಿಪ್ ಮೇಲೆ ಬಿಳಿ ಗೆರೆ ಕಂಡರೆ ಆ ಕ್ಲಿಪ್ಪನ್ನು ಇನ್ನು ನಂಬಬೇಡಿ. ಬಿಡಿಭಾಗವಾಗಿ ಕ್ಲಿಪ್ ಸಿಗುವುದು ಅಪರೂಪ.

ಬೋಲ್ಟಿನ ಪೆಟ್ಟಿಗೆಯ ಅನುಕೂಲ ಇದೇ. ಪ್ಲಾಸ್ಟಿಕ್ ಬೋಲ್ಟ್ ಹೋದರೆ ಹಳೆಯದನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ದಪ್ಪದ ಸ್ಟೀಲ್ ಬೋಲ್ಟ್ ತರಬಹುದು. ನಮ್ಮ ಪೆಟ್ಟಿಗೆಗೆ 6 ಮಿ.ಮೀ.ನದು ಹಿಡಿಸಿತು. ಎರಡೂ ಕಡೆ ಅಗಲ ವಾಷರ್ ಹಾಕಿ, ಇಲ್ಲದಿದ್ದರೆ ಸ್ಟೀಲ್ ನಟ್ಟು ಪ್ಲಾಸ್ಟಿಕ್ಕನ್ನೇ ಕೊರೆಯುತ್ತದೆ. ಬೋಲ್ಟಿನ ಉದ್ದದ ತುದಿ ಹೊರಮುಖವಾಗಿರಲಿ. ಕೈಯಲ್ಲಿ ಬಿಗಿಮಾಡಿ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು, ಅಷ್ಟು ಸಾಕು. ಕ್ಲಿಪ್ಪಿನದೇ ಮನೆಯಲ್ಲಿದ್ದರೆ ಅಂಚಿನ ತೂತುಗಳಿಗೆ ಆರೇಳು ಕೇಬಲ್ ಟೈ ಬಿಗಿದುಬಿಡಿ. ಕ್ಲಿಪ್ ಕೈಕೊಟ್ಟರೂ ತಳ ಕಳಚಿ ಬೀಳುವುದಿಲ್ಲ. ಚಿಕಿತ್ಸಾಲಯಕ್ಕೆ ಹೋಗುವಾಗ ಕತ್ತರಿಸಲು ಕತ್ತರಿ ಜೊತೆಗಿರಲಿ.

ಮೇಲರ್ಧ ಕಳಚಿ ಬರುವುದು ಯಾಕೆ ಮುಖ್ಯ ಅಂದರೆ, ಬೆಕ್ಕು ಕೆಳಗಿನರ್ಧದಲ್ಲಿ ಟವೆಲಿನ ಮೇಲೆ ಕೂತಿರುವಂತೆಯೇ ಪಶುವೈದ್ಯರು ಹೊಟ್ಟೆ ಮುಟ್ಟಿ, ಜ್ವರ ನೋಡಿ, ಸೂಜಿ ಕೊಡಬಹುದು. ಬಾಗಿಲಿಗೆ ಕೈಹಾಕಿ ಕತ್ತು ಹಿಡಿದೆಳೆಯುವ ಅಥವಾ ಪೆಟ್ಟಿಗೆಯನ್ನು ಮಗುಚಿ ಮೇಜಿನ ಮೇಲೆ ಸುರಿಯುವ ಪದ್ಧತಿಗೆ ಬೆಕ್ಕು ಒಮ್ಮೆ ಸಿಕ್ಕರೆ ಮುಂದಿನ ಸಲ ಪೆಟ್ಟಿಗೆ ಕಂಡೊಡನೆ ಮಂಚದಡಿ ಸೇರುತ್ತದೆ. ಅದರ ತಪ್ಪೇನಿಲ್ಲ.

ಬಟ್ಟೆ ಚೀಲ

ಹಗುರ (ನಮ್ಮದು 1.1 ಕೆ.ಜಿ.), ಮಡಚಿಡಬಹುದು, ವಿಮಾನದ ಸೀಟಿನಡಿ ತೂರುತ್ತದೆ. ಸಾಧು ಬೆಕ್ಕಿಗೆ ಒಳ್ಳೆಯದು. ಬಲಹೀನತೆ ಜಿಪ್ಪು. ಎರಡು ಜಿಪ್ ತಲೆಗಳು ಮೂಲೆಯಲ್ಲಿ ಸೇರುವ ಹಾಗೆ ಮುಚ್ಚಿದರೆ ಬೆಕ್ಕು ಅಲ್ಲಿ ಉಗುರು ತೂರಿಸಿ ಒಂದೊಂದೇ ಹಲ್ಲು ಬಿಡಿಸುತ್ತದೆ. ಮೂಗಿನಷ್ಟು ಜಾಗವಾದರೆ ತಲೆ, ತಲೆ ಬಂದರೆ ಮೈ. ತಲೆಗಳೆರಡನ್ನೂ ನೇರ ಅಂಚಿನ ನಡುವಿಗೆ ತಂದು, ಎರಡರ ತೂತಿಗೂ ಒಂದು ಕೀ ರಿಂಗ್ ಇಲ್ಲವೇ ಚಿಕ್ಕ ಕೊಕ್ಕೆ ಹಾಕಿ. ಈ ಹತ್ತು ರೂಪಾಯಿಯ ಉಪಾಯ ಇಲ್ಲದೆ ಬಟ್ಟೆ ಚೀಲದಲ್ಲಿ ಬೆಕ್ಕನ್ನು ರಸ್ತೆಗೆ ತರಬೇಡಿ.

ಜಾಲರಿ ಸೊಳ್ಳೆಪರದೆಯಂತೆ ತೆಳ್ಳಗಿದ್ದರೆ ಆರು ತಿಂಗಳಲ್ಲಿ ಹರಿಯುತ್ತದೆ. ದಪ್ಪ ಎಳೆಯ, ಬೆರಳಿನಿಂದ ಒತ್ತಿದರೆ ಮರಳಿ ನೆಟ್ಟಗಾಗುವ ಜಾಲರಿ ಬೇಕು. ತಳದ ಹಲಗೆ ಬಹುತೇಕ ರಟ್ಟಿನದು. ಒಮ್ಮೆ ಉಚ್ಚೆ ಕುಡಿದರೆ ಬಾಗಿ ತೊಟ್ಟಿಲಾಗುತ್ತದೆ, ಬೆಕ್ಕು ನಡುವಿಗೆ ಜಾರಿ ಮುದುಡುತ್ತದೆ. ಅದನ್ನು ತೆಗೆದು ಬೋರ್ಡ್ ಬರೆಯುವವರ ಬಳಿ ಸಿಗುವ 5 ಮಿ.ಮೀ. ಸನ್‌ಬೋರ್ಡ್ ಹಾಳೆಯನ್ನು ಅಳತೆಗೆ ಕತ್ತರಿಸಿ ಹಾಕಿದರೆ ತೊಳೆದು ಮತ್ತೆ ಬಳಸಬಹುದು. ಒಳಗಿರುವ ಗಿಡ್ಡ ಪಟ್ಟಿಯ ಕೊಕ್ಕೆಯನ್ನು ಹಾರ್ನೆಸ್ಸಿಗೇ (ಬೆಕ್ಕಿನ ಎದೆ, ಬೆನ್ನು ಬಳಸಿ ಕಟ್ಟುವ ಪಟ್ಟಿ) ಸಿಕ್ಕಿಸಿ. ಕೊರಳಪಟ್ಟಿಗೆ ಸಿಕ್ಕಿಸಿದರೆ ಬೆಕ್ಕು ಹೊರಳಿದಾಗ ಅದೇ ಉರುಳು.

ಬೆನ್ನುಚೀಲ

ಪಾರದರ್ಶಕ ಗುಮ್ಮಟದಿಂದ ಬೆಕ್ಕು ಜಗತ್ತು ನೋಡುವ ಫೋಟೊ ಚೆನ್ನಾಗಿ ಬರುತ್ತದೆ. ಆ ಗುಮ್ಮಟಕ್ಕೆ ಬಿಸಿಲು ಬಿದ್ದರೆ ಒಳಗೆ ಪಾಲಿಹೌಸ್. ಬೆಕ್ಕು ನಾಯಿಯಂತೆ ನಾಲಿಗೆ ಚಾಚಿ ಮೈ ತಣಿಸಿಕೊಳ್ಳುವ ಪ್ರಾಣಿಯಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದೆ ಎಂದರೆ ಅದು ಆಗಲೇ ತುರ್ತು ಸ್ಥಿತಿ. ಕೂತ ಭಂಗಿಯಲ್ಲೇ ಇರಬೇಕು, ಮಲಗಲು ಜಾಗವಿಲ್ಲ. ಗುಮ್ಮಟ ತೆಗೆದು ಅಲ್ಲಿ ಜಾಲರಿ ಹಾಕುವಂತಿದ್ದರೆ, ಹತ್ತು-ಹದಿನೈದು ನಿಮಿಷದ ದಾರಿಗೆ, ಬೆಳಗ್ಗೆ ಅಥವಾ ಸಂಜೆ ಸರಿ. ಚಪ್ಪಟೆ ಮೂಗಿನ ಪರ್ಷಿಯನ್ ಬೆಕ್ಕಿಗೆ ಬೇಡವೇ ಬೇಡ.

ಅಳತೆ

ಆಸ್ಪತ್ರೆಗೆ ಹೋಗಿಬರುವಷ್ಟಕ್ಕೆ ಬೆಕ್ಕು ಒಳಗೆ ನಿಂತು, ತಿರುಗಿ, ಕಾಲು ಮಡಚಿ ಮಲಗುವಂತಿದ್ದರೆ ಸಾಕು. ತೀರ ದೊಡ್ಡದಾದರೆ ಬ್ರೇಕ್ ಹಾಕಿದಾಗ ಬೆಕ್ಕು ಗೋಡೆಯಿಂದ ಗೋಡೆಗೆ ಬೀಳುತ್ತದೆ. ವಿಮಾನದ ಸರಕು ಭಾಗದಲ್ಲಿ ಕಳಿಸುವುದಾದರೆ ಲೆಕ್ಕ ಬೇರೆ, ಅಲ್ಲಿ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ನಿಯಮ ನಡೆಯುತ್ತದೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡು ಪಟ್ಟು ಪೆಟ್ಟಿಗೆಯ ಅಗಲ. ನಿಂತ ಬೆಕ್ಕಿನ ತಲೆ ಅಥವಾ ಕಿವಿಯ ತುದಿ, ಯಾವುದು ಎತ್ತರವೋ ಅದರ ಮೇಲೆ ಹಾಸಿನ ದಪ್ಪ ಸೇರಿಸಿದರೆ ಎತ್ತರ. 45 ಸೆಂ.ಮೀ. ಉದ್ದ, ಮೊಣಕೈಗೆ 14, ಭುಜ 14, ಕಿವಿತುದಿಗೆ 32 ಇರುವ ಬೆಕ್ಕಿಗೆ 52 ಉದ್ದ, 28 ಅಗಲ, 32ಕ್ಕಿಂತ ತುಸು ಹೆಚ್ಚು ಎತ್ತರ ಬೇಕಾಯಿತು. ಪೇಟೆಯಲ್ಲಿ ‘ಕ್ಯಾಟ್ ಸೈಜ್’ ಎಂದು ಮಾರುವ 48ರ ಪೆಟ್ಟಿಗೆ ಇದಕ್ಕೆ ಒಗ್ಗುವುದಿಲ್ಲ. ಚಪ್ಪಟೆ ಮೂಗಿನ ತಳಿಗೆ ಇನ್ನೂ ಶೇ. 10 ದೊಡ್ಡದು ಕೇಳುತ್ತಾರೆ. ಈ ಅಳತೆಗಳು ಪೆಟ್ಟಿಗೆಯ ಒಳಗಿನವು. ಮಾರುವವರು ಬರೆಯುವುದು ಹೊರಗಿನದು, ಅದೂ ಅಂಚು, ಹಿಡಿಕೆ ಸೇರಿಸಿ.

ಎರಡು ಬೆಕ್ಕಿಗೆ ಎರಡು ಪೆಟ್ಟಿಗೆ. ಮನೆಯಲ್ಲಿ ಒಂದೇ ತಟ್ಟೆಯಲ್ಲಿ ತಿನ್ನುವ ಜೋಡಿಯೂ ಭಯದಲ್ಲಿ ಒಂದರ ಮೇಲೊಂದು ಬೀಳುತ್ತವೆ.

ಒಳಗೆ ಹೋಗಿಸುವುದು

ಹಳ್ಳಿಗಳಲ್ಲಿ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುತ್ತಿದ್ದ ಕಾಲವಿತ್ತು. ವರ್ಷಕ್ಕೊಮ್ಮೆ ಮಾತ್ರ ಅಟ್ಟದಿಂದ ಇಳಿಯುವ ಕ್ಯಾರಿಯರ್ ಕೂಡ ಬೆಕ್ಕಿನ ಲೆಕ್ಕದಲ್ಲಿ ಗೋಣಿಚೀಲವೇ. ಪೆಟ್ಟಿಗೆ ಸದಾ ಮನೆಯ ಮೂಲೆಯಲ್ಲಿ ಇರಬೇಕು. ಮೊದಲ ವಾರ ಕೆಳಗಿನರ್ಧ ಮಾತ್ರ, ಅದರಲ್ಲಿ ಬೆಕ್ಕು ಮಲಗಿದ ಬಟ್ಟೆ. ಎರಡನೆಯ ವಾರ ಮೇಲರ್ಧ ಕೂಡಿಸಿ, ಬಾಗಿಲು ಬೇಡ, ತಿಂಡಿ ಒಳಗೇ. ಮೂರನೆಯ ವಾರ ಬಾಗಿಲು ಹಾಕಿ ಹತ್ತು ಸೆಕೆಂಡ್, ಆಮೇಲೆ ಒಂದು ನಿಮಿಷ, ಐದು ನಿಮಿಷ. ಮುಂದೆ ಎತ್ತಿ ಕೋಣೆಯಿಂದ ಕೋಣೆಗೆ. ಯಾವ ಹಂತದಲ್ಲಿ ತಿಂಡಿ ಬಿಟ್ಟು ಹಿಂದೆ ಸರಿಯುತ್ತದೋ ಅದರ ಹಿಂದಿನ ಹಂತಕ್ಕೆ ಮರಳಿ. 2018ರಲ್ಲಿ ಪ್ರಕಟವಾದ ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ 22 ಬೆಕ್ಕುಗಳಲ್ಲಿ ಅರ್ಧದಷ್ಟಕ್ಕೆ ಆರು ವಾರ ಇಂಥದೇ ತರಬೇತಿ ಕೊಟ್ಟು ಹೋಲಿಸಿದಾಗ, ತರಬೇತಿಯಾದವು ಕಾರಿನಲ್ಲೂ ಕಡಿಮೆ ಒತ್ತಡ ತೋರಿಸಿದವು.

ತರಬೇತಿಗೆ ಸಮಯವಿಲ್ಲ, ಈಗಲೇ ಹೊರಡಬೇಕು ಅಂದರೆ: ಕೋಣೆಯ ಬಾಗಿಲು, ಕಿಟಕಿ ಹಾಕಿ. ಪೆಟ್ಟಿಗೆಯನ್ನು ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಬಾಗಿಲು ಆಕಾಶ ನೋಡಲಿ, ಪೆಟ್ಟಿಗೆ ಗೋಡೆಗೆ ಆನಿಕೊಂಡಿರಲಿ. ಬೆಕ್ಕನ್ನು ದೊಡ್ಡ ಟವೆಲಿನಲ್ಲಿ ಚಪಾತಿ ಸುರುಳಿಯಂತೆ ಸುತ್ತಿ ಹಿಂಗಾಲು ಮೊದಲಾಗಿ ಇಳಿಸಿ, ಟವೆಲ್ ಸಮೇತ. ತಲೆ ಮೊದಲು ತಳ್ಳಿದರೆ ನಾಲ್ಕು ಕಾಲನ್ನೂ ಬಾಗಿಲಿನ ಚೌಕಟ್ಟಿಗೆ ಕೊಟ್ಟು ನಿಲ್ಲುತ್ತದೆ, ಆಮೇಲೆ ನೀವು ಸೋಲುತ್ತೀರಿ. ಚಿಲಕ ಹಾಕಿದ ಮೇಲೆ ನಿಧಾನ ಮಲಗಿಸಿ.

ಫೆರೊಮೋನ್ ಸ್ಪ್ರೇ (ಬೆಕ್ಕನ್ನು ಶಾಂತಗೊಳಿಸಲೆಂದು ಮಾರುವ, ಅದರ ಮೈವಾಸನೆಯ ನಕಲು) ಬಳಸುವುದಾದರೆ ಹೊರಡುವ ಹದಿನೈದು ನಿಮಿಷ ಮುಂಚೆ ಹಾಸಿಗೆ ಹೊಡೆಯಿರಿ. ಅದರಲ್ಲಿನ ಆಲ್ಕೋಹಾಲ್ ಆರಬೇಕು, ಆ ವಾಸನೆಯೇ ಬೆಕ್ಕಿಗೆ ಕಿರಿಕಿರಿ. ತೀರ ಗಾಬರಿಯ ಬೆಕ್ಕಿಗೆ ವೈದ್ಯರು ಗ್ಯಾಬಪೆಂಟಿನ್ ಎಂಬ ಗಾಬರಿ ತಗ್ಗಿಸುವ ಔಷಧ ಬರೆಯುವುದುಂಟು. ಪ್ರಮಾಣ ಅವರೇ ಹೇಳಬೇಕು, ಮನುಷ್ಯರ ಮಾತ್ರೆಯನ್ನು ಅಂದಾಜಿಗೆ ಮುರಿದು ಕೊಡಬಾರದು. ಹೊರಡುವ ಮೂರ್ನಾಲ್ಕು ತಾಸು ಮುಂಚೆ ಹೊಟ್ಟೆತುಂಬ ಊಟ ಬೇಡ. ನೀರು ಇರಲಿ.

ಹಾಸುವ ಕ್ರಮ: ಕೆಳಗೆ ಜಾರದ ರಬ್ಬರ್ ಮ್ಯಾಟ್, ಮೇಲೆ ಮಕ್ಕಳಿಗೆ ಹಾಸುವ ಡ್ರೈ ಶೀಟ್, ಅದರ ಮೇಲೆ ಹಳೆಯ ಹತ್ತಿ ಟವೆಲ್. ಬರೀ ನ್ಯೂಸ್‌ಪೇಪರ್ ಹಾಸಿದರೆ ಒದ್ದೆಯಾದೊಡನೆ ಮುದ್ದೆಯಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಹೊರಗಿನಿಂದ ತೆಳು ಪಂಚೆಯೋ ವೇಲೋ ಹೊದಿಸಿ, ಮೂರು ಬದಿ ಮಾತ್ರ. ಕಣ್ಣಿಗೆ ಕಾಣದಿದ್ದರೆ ಬೆಕ್ಕು ಬೇಗ ಶಾಂತವಾಗುತ್ತದೆ, ಆದರೆ ಏಪ್ರಿಲ್‌ನಲ್ಲಿ ದಪ್ಪ ಹೊದಿಕೆ ಉಸಿರುಗಟ್ಟಿಸುತ್ತದೆ.

ದಾರಿಯಲ್ಲಿ

ಕಾರಿನಲ್ಲಿ ಅತ್ಯಂತ ಭದ್ರ ಜಾಗ ಮುಂದಿನ ಸೀಟಿನ ಹಿಂದಿರುವ ನೆಲ. ಸೀಟಿನ ಮೇಲಿಟ್ಟು ಬೆಲ್ಟನ್ನು ಪೆಟ್ಟಿಗೆಗೆ ಸುತ್ತುವುದು ಭದ್ರವೆಂದು ತೋರುತ್ತದೆ, ಆದರೆ ಅಪಘಾತ ಪರೀಕ್ಷೆಗೆ ಒಳಪಡದ ಪೆಟ್ಟಿಗೆಯನ್ನು ಬೆಲ್ಟೇ ಹಿಸುಕಿ ಪುಡಿಮಾಡಬಲ್ಲದು. ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ ಇಂಥ ಪರೀಕ್ಷೆ ನಡೆಸುವ ಸಂಸ್ಥೆ, ಅದರ ಪ್ರಮಾಣಪತ್ರ ಪಡೆದ ಕ್ಯಾರಿಯರ್‌ಗಳು ಬೆರಳೆಣಿಕೆಯಷ್ಟು, ಸ್ಲೀಪಿಪಾಡ್ ಅವುಗಳಲ್ಲೊಂದು. ನಮ್ಮ ಪೇಟೆಯಲ್ಲಿ ‘ಕ್ರ್ಯಾಶ್ ಪ್ರೂಫ್’ ಎಂದು ಅಂಟಿಸಿದ ಚೀಟಿಗೆ ಯಾರ ಪರೀಕ್ಷೆ ಎಂದು ಕೇಳಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಅರ್ಧ ಮೀಟರಿನಲ್ಲಿ ನಿಂತರೆ ನಾಲ್ಕು ಕೆ.ಜಿ. ಬೆಕ್ಕು ಸುಮಾರು 80 ಕೆ.ಜಿ. ತೂಕದ ಬಲದಲ್ಲಿ ಮುಂದಿನ ಗೋಡೆಗೆ ಬಡಿಯುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಅಡ್ಡಡ್ಡ ಇಡಿ, ಉದ್ದನೆಯ ಗಟ್ಟಿ ಗೋಡೆ ಮುಂದಕ್ಕಿರಲಿ, ಬಾಗಿಲಲ್ಲ. ಸೀಟಿಗೂ ಪೆಟ್ಟಿಗೆಗೂ ನಡುವೆ ಜಾಗ ಉಳಿದರೆ ದಿಂಬು ತುರುಕಿ. ತೊಡೆಯ ಮೇಲೆ ಬಿಟ್ಟ ಬೆಕ್ಕು ಬ್ರೇಕ್ ಪೆಡಲ್ಲಿನಡಿ ಹೋಗುವುದು ಸಿನಿಮಾದ ಕಲ್ಪನೆಯಲ್ಲ.

ಆಟೊದಲ್ಲಿ ಸೀಟಿನ ನಡುವೆ ಇಟ್ಟು, ಬಾಗಿಲು ನಿಮ್ಮ ಕಡೆ ತಿರುಗಿಸಿ, ಹಿಡಿಕೆಯೊಳಗೆ ತೋಳು ತೂರಿಸಿ ಕೂರಿ. ರಸ್ತೆ ಬದಿಗೆ ಬಾಗಿಲು ಇರಬಾರದು. ಸ್ಕೂಟರಿನ ಮುಂದಿನ ಕೊಕ್ಕೆಗೆ ಚೀಲ ನೇತುಹಾಕುವುದನ್ನು ದಿನವೂ ಕಾಣುತ್ತೇವೆ. ಅದು ತರಕಾರಿಗೆ ಇರುವ ಕೊಕ್ಕೆ. ಗುಂಡಿಗೊಮ್ಮೆ ಚೀಲ ಮೊಣಕಾಲಿಗೆ ಬಡಿಯುತ್ತದೆ, ಹ್ಯಾಂಡಲ್ ತಿರುಗಿಸಲು ಅಡ್ಡ ಬರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಹಿಂದೆ ಕೂತವರು ಬೆನ್ನುಚೀಲವನ್ನು ಎದೆಗೆ ಕಟ್ಟಿಕೊಳ್ಳಲಿ. ಬೆಂಗಳೂರಿನಲ್ಲಿ 2024ರಿಂದ ಸಾಕುಪ್ರಾಣಿ ಜೊತೆ ಹೋಗಲೆಂದೇ ಇರುವ ಕ್ಯಾಬ್ ಸೇವೆ ಉಬರ್ ಪೆಟ್ ಇದೆ. ಸಾಮಾನ್ಯ ಕ್ಯಾಬ್ ಕರೆಸುವುದಾದರೆ ಪೆಟ್ಟಿಗೆಯಲ್ಲಿ ಬೆಕ್ಕಿದೆ ಎಂದು ಚಾಲಕರಿಗೆ ಮೊದಲೇ ಫೋನಿನಲ್ಲಿ ಹೇಳಿ. ಬಾಗಿಲಲ್ಲಿ ನಿಂತು ಚರ್ಚೆ ಮಾಡುವಷ್ಟು ಹೊತ್ತು ಬೆಕ್ಕು ಬಿಸಿಲಲ್ಲಿರುತ್ತದೆ.

ರೈಲಿನಲ್ಲಿ ಜೊತೆಯಲ್ಲೇ ಇಟ್ಟುಕೊಳ್ಳಬೇಕಾದರೆ ಸಾಮಾನ್ಯವಾಗಿ ಹಿಡಿಯುವ ದಾರಿ ಫಸ್ಟ್ ಎಸಿಯಲ್ಲಿ ಎರಡು ಬರ್ತಿನ ಕೂಪೆಯನ್ನು ಪೂರ್ತಿ ಕಾಯ್ದಿರಿಸುವುದು. ಲಸಿಕೆ ಪತ್ರ ಜೊತೆಗಿರಲಿ, ಪಾರ್ಸೆಲ್ ಕಚೇರಿಯಲ್ಲಿ ಹಣ ಕಟ್ಟಿ ರಸೀದಿ ಪಡೆಯಿರಿ. ಬೋಗಿಯ ಬಾಗಿಲು ತೆರೆದಿರುವ ಯಾವ ನಿಲ್ದಾಣದಲ್ಲೂ ಪೆಟ್ಟಿಗೆ ತೆರೆಯಬೇಡಿ.

ವಿಮಾನದಲ್ಲಿ ತೂಕದ ಲೆಕ್ಕ ಬಿಗಿ. ಆಕಾಸ ಏರ್ 2022ರ ನವೆಂಬರಿನಲ್ಲಿ ಕ್ಯಾಬಿನ್ನಿಗೆ ಸಾಕುಪ್ರಾಣಿ ಬಿಡತೊಡಗಿದಾಗ ಮಿತಿ ಪೆಟ್ಟಿಗೆ ಸೇರಿ 7 ಕೆ.ಜಿ. ಆ ಲೆಕ್ಕಕ್ಕೆ 5.1ರ ಗಂಡು ಬಟ್ಟೆ ಚೀಲದಲ್ಲಿ 6.2 ಆಗಿ ಪಾಸು, 2.4 ಕೆ.ಜಿ.ಯ ಬೋಲ್ಟಿನ ಪೆಟ್ಟಿಗೆಯಲ್ಲಿ 7.5 ಆಗಿ ನಪಾಸು. ಮಿತಿಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ಮುಂಚೆ ಆಯಾ ಸಂಸ್ಥೆಯನ್ನೇ ಕೇಳಿ, ಪೆಟ್ಟಿಗೆಯನ್ನು ಹಾಸು ಸಮೇತ ತೂಗಿ. ಭದ್ರತಾ ತಪಾಸಣೆಯಲ್ಲಿ ಖಾಲಿ ಪೆಟ್ಟಿಗೆ ಎಕ್ಸ್‌ರೇಗೆ ಹೋಗುತ್ತದೆ, ಬೆಕ್ಕು ನಿಮ್ಮ ಕೈಯಲ್ಲಿರಬೇಕು. ಇಡೀ ಪ್ರಯಾಣದಲ್ಲಿ ಬೆಕ್ಕು ಕಳೆದುಹೋಗುವ ಸಂಭವ ಹೆಚ್ಚಿರುವುದು ಇಲ್ಲಿಯೇ. ಹಾರ್ನೆಸ್ ಮನೆಯಿಂದಲೇ ಹಾಕಿ, ಎರಡು ಬೆರಳು ಮಾತ್ರ ತೂರುವಷ್ಟು ಬಿಗಿಯಾಗಿ. ಮುಚ್ಚಿದ ಕೋಣೆಯಲ್ಲಿ ತಪಾಸಣೆ ಮಾಡುವಿರಾ ಎಂದು ಕೇಳಿನೋಡಿ.

ತೊಳೆಯುವುದು

ಫಿನಾಯಿಲ್, ಡೆಟಾಲ್ ಎರಡೂ ಬೇಡ. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ತೀರ ಕಡಿಮೆ, ಪಂಜ ನೆಕ್ಕಿದರೆ ಹೊಟ್ಟೆಗೇ ಹೋಗುತ್ತದೆ. ಉಚ್ಚೆಯ ಮೇಲೆ ನೇರ ಬ್ಲೀಚ್ ಸುರಿದರೆ ಕಣ್ಣುರಿಸುವ ವಿಷಾನಿಲ ಏಳುತ್ತದೆ. ಮೊದಲು ತಣ್ಣೀರು, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ವಾಸನೆ ಉಳಿದರೆ ಎನ್‌ಜೈಮ್ ಕ್ಲೀನರ್ ಹಾಕಿ ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ಎರಡು ಅರ್ಧ ಕೂಡುವ ತೋಡಿನಲ್ಲಿ ಉಚ್ಚೆ ನಿಂತಿರುತ್ತದೆ, ಹಳೇ ಟೂತ್‌ಬ್ರಷ್ ಬೇಕು. ಒಣಗಿಸುವುದು ನೆರಳಲ್ಲಿ, ಕಾರಣ ಮೇಲೆ ಹೇಳಿದ್ದೇ.

ಸರಳಿನ ಬಾಗಿಲು ಉಚ್ಚೆಗೂ ಕರಾವಳಿಯ ಮಳೆಗಾಲಕ್ಕೂ ತುಕ್ಕು ಹಿಡಿಯುತ್ತದೆ, ಮೊದಲು ಸ್ಪ್ರಿಂಗಿನ ಕಡ್ಡಿಗಳಿಗೆ. ತುಕ್ಕಿನ ಕಡ್ಡಿ ತೂತಿಗೆ ಪೂರ್ತಿ ಇಳಿಯದೆ ಅರ್ಧಕ್ಕೇ ನಿಲ್ಲುತ್ತದೆ, ಚಿಲಕ ಬಿದ್ದಂತೆ ಕಾಣುತ್ತದೆ, ಬಿದ್ದಿರುವುದಿಲ್ಲ. ತೊಳೆದು ಒರೆಸಿ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ. ಪೇಂಟ್ ಹೊಡೆಯಬೇಡಿ, ಬೆಕ್ಕು ಸರಳು ಕಚ್ಚುತ್ತದೆ.

ಅಂಕ, ಐದಕ್ಕೆ: ಬೋಲ್ಟಿನ ಗಟ್ಟಿ ಪೆಟ್ಟಿಗೆ ನಾಲ್ಕೂವರೆ, ಭಾರ ಎಂಬುದಕ್ಕೆ ಅರ್ಧ ಕಳೆದದ್ದು. ಕೀ ರಿಂಗ್ ಹಾಕಿದ ಬಟ್ಟೆ ಚೀಲ ಮೂರೂವರೆ, ಹಾಕದ್ದು ಎರಡು. ಕ್ಲಿಪ್ಪಿನದು ಮೊದಲ ಎರಡು ವರ್ಷ ನಾಲ್ಕು, ಆಮೇಲೆ ಕೇಬಲ್ ಟೈ ಇದ್ದರೆ ಮೂರು. ಬೆನ್ನುಚೀಲ ಒಂದೂವರೆ, ಅದೂ ಜಾಲರಿ ಹಾಕುವಂತಿದ್ದರೆ.